ಲೂಯಿಸಿಯಾನದ ನುಡಿಗಳೂ ಶಾಲೆಯ ಹೊಣೆಯೂ

ಅಮೆರಿಕವೆಂದರೆ ಇಂಗ್ಲಿಷೊಂದೇ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಮಿಸಿಸಿಪ್ಪಿ ನದಿಯು ಕಡಲನ್ನು ಕೂಡುವೆಡೆಯಲ್ಲಿರುವ ಲೂಯಿಸಿಯಾನ ರಾಜ್ಯದ ಚರಿತ್ರೆಯನ್ನು ಅರಿತವರು ಹಾಗೆನ್ನಲಾರರು. 1682ರಲ್ಲಿ ಲಾ ಸಾಲ್ ಎಂಬ ಫ್ರೆಂಚ್ ಸಾಹಸಿಯು ಆ ಸೀಮೆಗೆ ತನ್ನ ದೊರೆಯಾದ ಹದಿನಾಲ್ಕನೆಯ ಲೂಯಿಯ ಹೆಸರನ್ನಿಟ್ಟನು. ಮುಂದೆ ಅದು ಸ್ಪೇನಿನ ವಶವಾಗಿ, ಮರಳಿ ಫ್ರಾನ್ಸಿಗೆ ಸಂದು, 1803ರಲ್ಲಿ ಅಮೆರಿಕಕ್ಕೆ ಮಾರಾಟವಾಯಿತು. ಕೊಂಡವರಾಗಲಿ ಮಾರಿದವರಾಗಲಿ ಅಲ್ಲಿನ ಜನರನ್ನು ಒಂದು ಮಾತು ಕೇಳಲಿಲ್ಲ!

ಆದರೂ ನುಡಿಗಳು ಉಳಿದವು, ಬೆರೆತು ಬೆಳೆದವು. ಇಂದಿನ ಕೆನಡಾದಲ್ಲಿರುವ ಅಕೇಡಿಯಾದಿಂದ 1755ರಲ್ಲಿ ಬ್ರಿಟಿಷರು ಹೊರದೂಡತೊಡಗಿದ ಫ್ರೆಂಚ್ ರೈತರಲ್ಲಿ ಹಲವರು ಇಲ್ಲಿ ನೆಲೆನಿಂತು 'ಕೇಜನ್' ಎನಿಸಿದರು. ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರ ಬಾಯಲ್ಲಿ ಫ್ರೆಂಚ್ ಶಬ್ದಗಳು ಹೊಸ ವ್ಯಾಕರಣವನ್ನು ಪಡೆದು 'ಕ್ರಿಯೋಲ್' ಭಾಷೆ ಹುಟ್ಟಿತು. ಅಲ್ಲಿನ ಪ್ರಸಿದ್ಧ ಸಾರು 'ಗಂಬೊ'. ಆಫ್ರಿಕದ ಬಾಂಟು ನುಡಿಗಳಲ್ಲಿ ಬೆಂಡೆಕಾಯಿಗಿರುವ ಹೆಸರಿನಿಂದ ಬಂದ ಮಾತಿದು. ನಿಧಾನವಾಗಿ ಹರಿಯುವ ತೊರೆಗೆ 'ಬಾಯೂ'. ಇದು ಮೂಲನಿವಾಸಿಗಳಾದ ಚಾಕ್ಟಾ ಜನರದು. ಅಂಗಡಿಯವನು ಕೊಡುವ ಕೊಸರಿಗೆ 'ಲಾನ್ಯಾಪ್' ಎನ್ನುವರು. ಪೆರುವಿನ ಕೆಚುವಾ ನುಡಿಯಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಲೂಯಿಸಿಯಾನದ ಫ್ರೆಂಚಿಗೆ ಬಂದ ಪದವದು. ಕೊಸರಿನ ಪದವೂ ಕೊಸರಾಗಿಯೇ ದೊರೆತಂತಾಯಿತು.

ಮೂರು ಪ್ರಭುತ್ವಗಳು ಮಾಡದ ಹಾನಿಯನ್ನು ಮಾಡಿದುದು ಪಾಠಶಾಲೆ. 1921ರ ರಾಜ್ಯ ಸಂವಿಧಾನವು ಸರಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಭಾಷೆಯಾಗಿ ವಿಧಿಸಿತು. ಮನೆಮಾತನ್ನಾಡಿದ ಮಕ್ಕಳಿಗೆ ಶಿಕ್ಷೆ. ಇನ್ನು ಆಡುವುದಿಲ್ಲವೆಂದು ಸಾಲುಸಾಲಾಗಿ ಬರೆಯಬೇಕಾದ ಅವಮಾನ. ಆ ಮಕ್ಕಳು ತಾಯಿತಂದೆಗಳಾದಾಗ ತಮ್ಮ ಕೂಸುಗಳೊಡನೆ ಫ್ರೆಂಚ್ ಆಡಲು ಹಿಂಜರಿದುದರಲ್ಲಿ ಅಚ್ಚರಿಯೇನು?

1968ರಲ್ಲಿ ರಾಜ್ಯವು ಎಚ್ಚೆತ್ತು ಫ್ರೆಂಚಿನ ಅಭಿವೃದ್ಧಿಗೆ ಮಂಡಳಿಯೊಂದನ್ನು ರಚಿಸಿತು. ಫ್ರಾನ್ಸ್, ಬೆಲ್ಜಿಯಂ, ಕೆನಡಾಗಳಿಂದ ಉಪಾಧ್ಯಾಯರು ಬಂದರು. ಉದ್ದೇಶ ಸ್ತುತ್ಯ. ಆದರೆ ಮೊಮ್ಮಗು ಶಾಲೆಯಲ್ಲಿ ಕಲಿತುದು ಅಜ್ಜಿಯ ಮಾತಾಗಿರಲಿಲ್ಲ. ಶಿಷ್ಟಭಾಷೆಯನ್ನು ಕಲಿಸುವುದು ತಪ್ಪಲ್ಲ. ಮನೆಯ ಮಾತು ಅಶುದ್ಧವೆಂಬ ಭಾವ ಮಗುವಿನ ಮನಸ್ಸಿನಲ್ಲಿ ಮೂಡುವಂತೆ ಕಲಿಸುವುದು ತಪ್ಪು. ಹಳೆಯ ಶಿಕ್ಷೆಯ ನೆರಳು ಅದರಲ್ಲಿಯೂ ಇದೆ.

ಇವೆಲ್ಲಕ್ಕಿಂತ ಹಳೆಯದಾದ ಚಿಟಿಮಾಚ ನುಡಿಯ ಕಥೆ ಬೇರೆ. ಅದನ್ನು ಚೆನ್ನಾಗಿ ಬಲ್ಲವರಲ್ಲಿ ಕೊನೆಯವರು 1940ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ, 1930ರ ದಶಕದಲ್ಲಿ, ಮಾರಿಸ್ ಸ್ವಾದೇಶ್ ಎಂಬ ಭಾಷಾವಿಜ್ಞಾನಿಯು ಉಳಿದಿದ್ದ ವೃದ್ಧರ ಬಳಿ ಕುಳಿತು ಅವರಾಡಿದುದನ್ನು ಆಡಿದಂತೆಯೇ ಬರೆದುಕೊಂಡಿದ್ದನು. ಆ ಬುಡಕಟ್ಟಿನ ಶಾಲೆಯ ಮಕ್ಕಳು ಇಂದು ಕಲಿಯುತ್ತಿರುವುದು ಆ ಟಿಪ್ಪಣಿಗಳ ಆಧಾರದಿಂದಲೇ.