ಎರಡು ಮಸೂರದ ಕ್ಯಾಮೆರಾ

ಹಳೆಯ ಸ್ಟುಡಿಯೋಗಳಲ್ಲಿ ಛಾಯಾಗ್ರಾಹಕರು ತಲೆ ತಗ್ಗಿಸಿ ನೋಡುತ್ತಿದ್ದ ಜಪಾನಿನ ಯಾಶಿಕಾ ಕ್ಯಾಮೆರಾಕ್ಕೆ ಎರಡು ಮಸೂರ. ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ಒಳಗಿನ ಓರೆ ಕನ್ನಡಿಯಿಂದಾಗಿ ಬಿಂಬ ನೆಟ್ಟಗೆ ಕಂಡರೂ ಎಡಬಲ ಅದಲುಬದಲು. 1957ರ ಯಾಶಿಕಾ-ಮ್ಯಾಟ್, 1970ರಲ್ಲಿ ಬಂದ, ಬೆಳಕು ಅಳೆಯುವ 124ಜಿ ಪ್ರಸಿದ್ಧ ಮಾದರಿಗಳು. ಇವುಗಳ ಚೌಕ ನೆಗೆಟಿವ್ ಬದಿಗೆ ಸುಮಾರು 6 ಸೆಂ.ಮೀ.; 35 ಮಿ.ಮೀ. ಫಿಲ್ಮಿನದಕ್ಕಿಂತ ಮೂರೂವರೆ ಪಟ್ಟು ವಿಸ್ತಾರ. ಆದ್ದರಿಂದ ವಿವರವೂ ಹೆಚ್ಚು.

ತುಮರಿಯ ಕಡೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ಪೆಟ್ಟಿಗೆಯಲ್ಲಿ ಹಳೆಯ ನೆಗೆಟಿವ್ ಇದ್ದರೆ ಅದಕ್ಕೆ ಬದಲಿಯಿಲ್ಲ. ಫಿಲ್ಮಿನ ಜೆಲಾಟಿನ್ ಪದರ ಬೂಷ್ಟಿಗೆ ಆಹಾರ. ಮಲೆನಾಡಿನ ಮಳೆಗಾಲ ಅದಕ್ಕೆ ಹಬ್ಬ. ಪೋಷಕರೇ, ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ. ಮಕ್ಕಳೇ, ಅಂಚು ಹಿಡಿದು ಬೆಳಕಿಗೆ ನೋಡಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಚಿತ್ರದಲ್ಲಿರುವವರ ಹೆಸರನ್ನು ಅಜ್ಜಿಯಿಂದ ಕೇಳಿ ಬರೆದಿಡಿ.