ಅಲೆ ಸಾರ್ವಜನಿಕರದು, ಫೋನು ಯಾರದು?

ಸಿಮ್ ಬೇಡ, ಡೇಟಾ ಹಾಕಿಸುವುದು ಬೇಡ, ಟಿವಿ ನೇರ ಮೊಬೈಲಿಗೇ ಬರುತ್ತದೆ. ಎಫ್‌ಎಂ ರೇಡಿಯೋ ಬರುವ ಹಾಗೆ, ಗೋಪುರದಿಂದ. 'ಡೈರೆಕ್ಟ್ ಟು ಮೊಬೈಲ್' ಎಂಬ ಈ ಪ್ರಸಾರವನ್ನು 2023ರಲ್ಲಿ ಬೆಂಗಳೂರು, ನೊಯ್ಡಾ ಮತ್ತು ದೆಹಲಿಯ ಕರ್ತವ್ಯ ಪಥದಲ್ಲಿ ಪ್ರಯೋಗಿಸಿ ನೋಡಿದರು. ದೇಶದ 28 ಕೋಟಿ ಮನೆಗಳಲ್ಲಿ ಟಿವಿ ಇರುವುದು 19 ಕೋಟಿಯಲ್ಲಿ, ಉಳಿದ ಮನೆಗಳನ್ನು ಇದು ಮುಟ್ಟುತ್ತದೆ ಎಂದು 2024ರ ಜನವರಿಯಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಾರ್ಯದರ್ಶಿಗಳು ಹೇಳಿದರು.

ಮನೆಗಳನ್ನಂತೆ! ಮನೆಗೆ ಟಿವಿ ಬಂದಾಗ ರಿಮೋಟು ಯಾರ ಕೈಯಲ್ಲಿತ್ತು ಎಂಬುದನ್ನು ನಾವೇನು ಮರೆತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ನೂರಕ್ಕೆ 54. ಮಿಕ್ಕವರಿಗೆ ಫೋನೆಂದರೆ ಗಂಡನದು, ಮಗನದು, ಕೇಳಿ ಪಡೆಯಬೇಕಾದದ್ದು.

470ರಿಂದ 582 ಮೆಗಾಹರ್ಟ್ಸ್‌ವರೆಗಿನ ತರಂಗಾಂತರವನ್ನು ಇದಕ್ಕೆ ಮೀಸಲಿಡಬೇಕೆಂದು ಸಚಿವಾಲಯ ವಾದಿಸಿತು. ಟೆಲಿಕಾಂ ಕಂಪನಿಗಳು ವಿರೋಧಿಸಿದವು. ಫೋನು ತಯಾರಿಸುವವರು ಚಿಪ್ಪಿನ ಖರ್ಚಿನ ಮಾತೆತ್ತಿದರು. ಈ ಜಗಳದಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ: ಅವಳು ಏನು ನೋಡಿದಳೆಂಬುದು ಯಾರಿಗೆ ಗೊತ್ತಾಗಬೇಕು?

ಪ್ರಸಾರದ ದೊಡ್ಡ ಗುಣವೇ ಅದು ಏಕಮುಖವಾಗಿರುವುದು. ರೇಡಿಯೋ ಕೇಳುವವಳ ಹೆಸರು ಆಕಾಶವಾಣಿಗೆ ಗೊತ್ತಿರುವುದಿಲ್ಲ. ಪ್ರತಿ ರಾತ್ರಿ ಹೆಂಡತಿಯ ಫೋನು ತಡಕಾಡುವ ಗಂಡಂದಿರಿರುವ ನಾಡಿನಲ್ಲಿ ಇದೇನು ಸಣ್ಣ ಸಂಗತಿಯೆ? ಆದರೆ ಅದೇ ಫೋನಿನಲ್ಲಿ ಇಂಟರ್‌ನೆಟ್ಟೂ ಇದ್ದರೆ, ಏನು ನೋಡಿದಳು, ಎಷ್ಟು ಹೊತ್ತು ನೋಡಿದಳು ಎಂಬ ಲೆಕ್ಕವನ್ನು ಜಾಹೀರಾತಿನವರಿಗೆ ಹಿಂದಕ್ಕೆ ಕಳಿಸುವುದು ಕಷ್ಟವೇನಲ್ಲ. ನಂಬರ್ ಕೊಟ್ಟು ನೋಂದಾಯಿಸಿಕೊಂಡರಷ್ಟೇ ಚಿತ್ರ ಕಾಣುತ್ತದೆ ಎಂಬ ಷರತ್ತನ್ನೂ ಹಾಕಬಹುದು. ಇವೆರಡನ್ನೂ ಕಾನೂನೇ ನಿಷೇಧಿಸಬೇಕು. ಕಂಪನಿಯ ಸೌಜನ್ಯಕ್ಕೆ ಬಿಡುವ ವಿಷಯ ಇದಲ್ಲ.

ಗಾಳಿಯ ಅಲೆಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಅವುಗಳನ್ನು ಸ್ವತಂತ್ರ ಸಾರ್ವಜನಿಕ ಪ್ರಾಧಿಕಾರ ನಿಯಂತ್ರಿಸಬೇಕೆಂದೂ ಹೇಳಿತು. ಆದದ್ದೇನು? 2023ರ ಪ್ರಸಾರ ಸೇವೆಗಳ ಮಸೂದೆಯ ತಿದ್ದಿದ ಕರಡು 2024ರಲ್ಲಿ ಆಯ್ದ ಕೆಲವರ ಕೈಗೆ ಮಾತ್ರ ಹೋಯಿತು. ಗದ್ದಲವಾದ ಮೇಲೆ, ಆಗಸ್ಟಿನಲ್ಲಿ, ಪ್ರತಿಗಳನ್ನು ವಾಪಸು ಕೇಳಿದರು. ಸಾರ್ವಜನಿಕ ಸೊತ್ತಿನ ಕಾನೂನನ್ನು ಸಾರ್ವಜನಿಕರಿಗೇ ತೋರಿಸದಿರುವುದು ಎಂಥ ನ್ಯಾಯ?

ಈ ಪ್ರಸಾರಕ್ಕೆಂದು ಬರುವ ಯಾವುದೇ ಕರಡು ಕನ್ನಡದಲ್ಲೂ ಬರಲಿ, ಮಹಿಳಾ ಸಂಘಟನೆಗಳ ಮುಂದೆಯೂ ಬರಲಿ. ಚಿಪ್ಪು ದುಬಾರಿ ಸ್ಮಾರ್ಟ್‌ಫೋನಿಗಷ್ಟೇ ಮೀಸಲೋ, ಗುಂಡಿ ಒತ್ತುವ ಅಗ್ಗದ ಫೋನಿಗೂ ಬರುತ್ತದೋ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಲಿ. ಮನೆಗೆಲಸಕ್ಕೆ ಹೋಗುವ ಅದೆಷ್ಟೋ ಹೆಂಗಸರ ಸೊಂಟದ ಚೀಲದಲ್ಲಿರುವುದು ಅದೇ ಫೋನು.