ಅಂಗಳದ ಭಜನೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ರಾಯಚೂರು ಸೀಮೆ ಬಿಸಿಲಿಗೆ ಹೆಸರಾದುದು. ವೈಶಾಖದಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟಿದಾಗ ಹಗಲೆಲ್ಲ ಬಾಗಿಲು ಮುಚ್ಚಿಕೊಂಡಿದ್ದ ಜನ ಹೊತ್ತು ಮುಳುಗಿದೊಡನೆ ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸುತ್ತಾರೆ. ಮಾನ್ವಿ, ದೇವದುರ್ಗಗಳ ಕಡೆಯ ಹಳ್ಳಿಗಳಲ್ಲಿ ಈ ಸಂಜೆಯ ಬಯಲೇ ಹಿರಿಯರ ಸಂಗೀತಶಾಲೆಯಾಗಿತ್ತು. ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳಗಳೊಡನೆ ಶರಣರ ವಚನಗಳೂ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳೂ ಮೊಳಗುತ್ತಿದ್ದವು. ಅಕ್ಷರ ಬಾರದವರಿಗೂ ಅವು ಕಂಠಸ್ಥವಾದುದು ಹೀಗೆ.

ಕೆಲವು ವರ್ಷಗಳ ಹಿಂದೆ ಬಸವ ಜಯಂತಿಯ ಸಂಜೆ ನಾವು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ದೊಡ್ಡ ಧ್ವನಿವರ್ಧಕಗಳಲ್ಲಿ ಮುದ್ರಿತ ಹಾಡುಗಳು ಅಬ್ಬರಿಸುತ್ತಿದ್ದವು. ಅದಕ್ಕೆ ಚಂದಾ ಕೊಟ್ಟವರಲ್ಲಿ ನಾವೂ ಒಬ್ಬರು. ಭಜನಾ ಮೇಳದ ನಾಲ್ವರು ಹಿರಿಯರು ತಮ್ಮ ಸರದಿಗಾಗಿ ಒಂದು ಬದಿಗೆ ಕಾದು ಕುಳಿತಿದ್ದರು. ಅಷ್ಟರಲ್ಲಿ ವಿದ್ಯುತ್ತು ಹೋಯಿತು.

ಕತ್ತಲೆಯಲ್ಲಿ ಏಕತಾರಿಯ ತಂತಿ ಮಿಡಿಯಿತು. ಹಿರಿಯರೊಬ್ಬರು ಮೆಲ್ಲಗೆ ಪಲ್ಲವಿ ಎತ್ತಿಕೊಂಡರು. ದೂರದಲ್ಲಿ ಹರಟುತ್ತಿದ್ದವರು ಕೇಳಿಸಲೆಂದು ಒಬ್ಬೊಬ್ಬರಾಗಿ ಹತ್ತಿರ ಸರಿದರು. ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡರು. ಮೂರನೆಯ ನುಡಿಗೆ ಊರೇ ದನಿಗೂಡಿಸಿತ್ತು. ಅರ್ಧ ಗಂಟೆಯ ತರುವಾಯ ದೀಪ ಬಂದಾಗ ಧ್ವನಿವರ್ಧಕದ ಬಳಿಯಿದ್ದ ತರುಣನು ತಾನಾಗಿಯೇ ಅದರ ಗುಂಡಿಯನ್ನು ಆರಿಸಿಬಿಟ್ಟನು.

ಮುದ್ರಿತ ಸಂಗೀತವನ್ನು ನಾವು ಹಳಿಯುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಮನೆಮನೆಗೆ ಮುಟ್ಟಿದುದು ರೇಡಿಯೋ, ಧ್ವನಿಮುದ್ರಿಕೆಗಳಿಂದಲೇ. ನಮ್ಮ ಜಿಲ್ಲೆಯ ವಚನಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ರಾಯಚೂರಿನ ರಂಗಮಂದಿರವು ಹೊತ್ತಿರುವುದೂ ಅಭಿಮಾನದ ಸಂಗತಿ. ಆದರೆ ಯಂತ್ರವು ಕೇಳುಗನ ಮುಖವನ್ನು ನೋಡಲಾರದು. ಎದುರಿಗಿರುವ ಹಾಡುಗಾರನು ನಾವು ತಲೆದೂಗಿದ ಸಾಲನ್ನು ಮತ್ತೊಮ್ಮೆ ಹಾಡುತ್ತಾನೆ. ಒಣಗಾಳಿಗೆ ಚರ್ಮ ಬಿಗಿದು ತಬಲೆಯ ಶ್ರುತಿ ಏರಿದರೆ ಅದನ್ನು ನಮ್ಮೆದುರೇ ಸರಿಪಡಿಸುತ್ತಾನೆ, ನಾವು ಕಾಯುತ್ತೇವೆ. ಆ ಕಾಯುವಿಕೆಯೂ ಕೇಳುವುದರ ಒಂದು ಭಾಗವೇ.

ಭಜನೆ ಮುಗಿದಾಗ ಆ ಹಿರಿಯರನ್ನು "ನಿಮ್ಮ ತರುವಾಯ ಹಾಡುವವರು ಯಾರು?" ಎಂದು ಕೇಳಿದೆವು. "ಕಲಿಯೋರು ಯಾರೂ ಇಲ್ರೀ. ಇದು ನಮ್ಮ ಕೂಡನೇ ಹೋಗ್ತದ್ರಿ" ಎಂದರು. ನಾಲ್ವರೂ ಅರವತ್ತನ್ನು ದಾಟಿದವರು. ಮನೆಗೆ ಮರಳುವ ದಾರಿಯುದ್ದಕ್ಕೂ ಆ ಮಾತು ನಮ್ಮನ್ನು ಬಿಡಲಿಲ್ಲ.

ಗದುಗಿನ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರಾಗಿದ್ದು, ಅಂಧ ಮತ್ತು ಬಡ ಮಕ್ಕಳನ್ನು ಬಳಿಯಿರಿಸಿಕೊಂಡು ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕಾಯಕವನ್ನು ನಡೆಸಿದರು. ವಿದ್ಯೆ ಉಳಿದುದು ಗುರುವಿನ ಮಗ್ಗುಲಲ್ಲಿ ಶಿಷ್ಯನು ಕುಳಿತುದರಿಂದ. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದು, ಚಿಕ್ಕದೊಂದು ಆದೀತು. ಬರುವ ಬಸವ ಜಯಂತಿಯ ಸಂಜೆ ಒಂದು ತಾಸು ಧ್ವನಿವರ್ಧಕವನ್ನು ಆರಿಸೋಣ. ಊರ ಮೇಳದವರನ್ನು ಕರೆದು ಚಾಪೆ ಹಾಸೋಣ. ಏಕತಾರಿ ಹಿಡಿದವರ ಪಕ್ಕದಲ್ಲಿ ನಮ್ಮ ಮನೆಯ ಒಂದು ಮಗುವನ್ನು, ಕೈಗೆ ತಾಳ ಕೊಟ್ಟು, ಕೂಡಿಸೋಣ.